ಬಾಟಲಿಯಲ್ಲಿ ಹುಟ್ಟುವ ಹೈಡ್ರೋಜನ್, ಅದನ್ನು ತಿಂದು ಮುಗಿಸುವವರು

ಗಾಜಿನ ಸಿರಿಂಜಿನ ದಂಡ ಯಾರೂ ಮುಟ್ಟದೆ ತಾನಾಗಿಯೇ ಮೇಲೇರುವುದನ್ನು ನಾನು ಮೊದಲ ಸಲ ನೋಡಿದ್ದು ಈ ಕೆಲಸ ಶುರು ಮಾಡಿದ ಮೂರನೇ ವಾರದಲ್ಲಿ. ಒಂದು ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಗಾಜಿನ ಬಾಟಲಿ. ಅದರ ಅರ್ಧದವರೆಗೆ ಗ್ಲೂಕೋಸ್ ಕರಗಿಸಿದ ನೀರು, ಜೊತೆಗೆ ಕೊಳಚೆ ನೀರು ಶುದ್ಧ ಮಾಡುವ ಟ್ಯಾಂಕಿನ ತಳದಿಂದ ತಂದ ಸ್ವಲ್ಪ ಕಪ್ಪು ರಾಡಿ. ಬಾಯಿಗೆ ದಪ್ಪ ರಬ್ಬರ್ ಬಿರಡೆ. ಸಂಜೆ ಅದನ್ನು 37 ಡಿಗ್ರಿ ಬಿಸಿಯಲ್ಲಿಟ್ಟು ಹೋಗಿದ್ದೆ. ಬೆಳಗ್ಗೆ ಬಂದು ನೋಡಿದರೆ ಬಿರಡೆ ಸಣ್ಣಗೆ ಉಬ್ಬಿತ್ತು, ನೀರಿನ ಮೇಲೆ ಸೂಜಿಮೊನೆಯಷ್ಟು ಗುಳ್ಳೆಗಳು ಅಂಚಿಗೆ ಅಂಟಿಕೊಂಡು ಸಾಲಾಗಿ ನಿಂತಿದ್ದವು. ಬಿರಡೆಗೆ ಸೂಜಿ ಚುಚ್ಚಿದೆ. ದಂಡ ಮೆಲ್ಲಗೆ ಏರತೊಡಗಿತು. 10 ಮಿಲಿಲೀಟರ್, 20, 30, ಇನ್ನೂ ಏರುತ್ತಲೇ ಇತ್ತು. ಆ ಗ್ಯಾಸನ್ನು ಪರೀಕ್ಷೆ ಮಾಡಿದಾಗ ಅರ್ಧದ ಹತ್ತಿರ ಹೈಡ್ರೋಜನ್, ಉಳಿದದ್ದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. ಆವತ್ತು ಆದ ಖುಷಿ ಇವತ್ತಿಗೂ ನೆನಪಿದೆ.

ಅದಾದ ಮೇಲೆ ಅದೇ ಹೈಡ್ರೋಜನ್ ನನ್ನ ಕಣ್ಣೆದುರೇ ಎರಡು ಸಲ ಮಾಯವಾಯಿತು. ಇವತ್ತು ಬರೆಯುತ್ತಿರುವುದು ಅದರ ಬಗ್ಗೆ. ಯಾಕೆಂದರೆ ಜೀವಿಗಳಿಂದ ಹೈಡ್ರೋಜನ್ ಪಡೆಯುವ ವಿಷಯ ಬಂದಾಗಲೆಲ್ಲ ಎಲ್ಲರೂ ಕೇಳುವುದು ಅದನ್ನು ಹೇಗೆ ಮಾಡಿಸುತ್ತೀರಿ ಅಂತ. ಮಾಡಿಸುವುದು ಅಷ್ಟೇನೂ ಕಷ್ಟವಲ್ಲ. ಕಷ್ಟ ಇರುವುದು ಬೇರೆ ಕಡೆ.

ಮೊದಲು, ಇದೆಲ್ಲ ಯಾಕೆ ಬೇಕು? ಒಂದು ಕಿಲೋ ಹೈಡ್ರೋಜನ್ ಸುಟ್ಟರೆ ಸುಮಾರು 120 ಮೆಗಾಜೂಲ್ ಶಕ್ತಿ ಸಿಗುತ್ತದೆ. ಪೆಟ್ರೋಲ್ ಆದರೆ ಸುಮಾರು 44. ಸುಟ್ಟ ಮೇಲೆ ಉಳಿಯುವುದು ನೀರಿನ ಆವಿ. ಆದರೆ ಇವತ್ತು ಪ್ರಪಂಚದಲ್ಲಿ ವರ್ಷಕ್ಕೆ ತಯಾರಾಗುವ 9 ಕೋಟಿ ಟನ್ನಿಗೂ ಜಾಸ್ತಿ ಹೈಡ್ರೋಜನ್‌ನಲ್ಲಿ ಹೆಚ್ಚುಕಮ್ಮಿ ಎಲ್ಲವೂ ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದಲೇ ಬರುತ್ತದೆ. ನೈಸರ್ಗಿಕ ಅನಿಲದಿಂದ ಒಂದು ಕಿಲೋ ಹೈಡ್ರೋಜನ್ ಮಾಡಿದರೆ 9ರಿಂದ 10 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಸುಡುವಾಗ ಶುದ್ಧ, ಹುಟ್ಟುವಾಗ ಅಲ್ಲ. ಕರೆಂಟಿನಿಂದ ನೀರನ್ನು ಒಡೆದೂ ಮಾಡಬಹುದು, ಅದು ಒಳ್ಳೆಯ ದಾರಿಯೇ. ಆದರೆ ಒಂದು ಕಿಲೋಗೆ 50 ಯೂನಿಟ್‌ಗಿಂತ ಜಾಸ್ತಿ ಕರೆಂಟ್ ಬೇಕು. ಇತ್ತ ಬ್ಯಾಕ್ಟೀರಿಯಾ ಇದೇ ಕೆಲಸವನ್ನು ಕೊಳೆತ ನೀರಿನಲ್ಲಿ, ಬೆಚ್ಚಗಿನ ಶಾಖದಲ್ಲಿ, ಸುಮ್ನೆ ತನ್ನ ಪಾಡಿಗೆ ಮಾಡಿಕೊಂಡಿರುತ್ತದೆ.

ಅದು ಯಾಕೆ ಮಾಡುತ್ತದೆ ಅನ್ನುವುದು ಅರ್ಥವಾದರೆ ಮುಂದಿನದೆಲ್ಲ ಸುಲಭ. ಸಕ್ಕರೆಯನ್ನು ಒಡೆದು ಶಕ್ತಿ ತೆಗೆಯುವಾಗ ಎಲೆಕ್ಟ್ರಾನ್‌ಗಳು ಬಿಡಿಯಾಗಿ ಉಳಿಯುತ್ತವೆ. ಅವನ್ನು ಯಾರಿಗಾದರೂ ದಾಟಿಸಲೇಬೇಕು, ಇಲ್ಲದಿದ್ದರೆ ಜೀವಕೋಶದ ಕೆಲಸ ನಿಂತುಹೋಗುತ್ತದೆ. ನಾವು ಉಸಿರಾಡಿದ ಆಮ್ಲಜನಕಕ್ಕೆ ದಾಟಿಸುತ್ತೇವೆ. ಗಾಳಿಯೇ ಇಲ್ಲದ ಕೆಸರಿನ ತಳದಲ್ಲಿ ಬದುಕುವ ಕ್ಲಾಸ್ಟ್ರಿಡಿಯಂ ಅನ್ನುವ ಬ್ಯಾಕ್ಟೀರಿಯಾಗೆ ಆ ಅನುಕೂಲ ಇಲ್ಲ. ಅದು ಹತ್ತಿರದಲ್ಲೇ ಇರುವ ಪ್ರೋಟಾನ್‌ಗೆ ಎಲೆಕ್ಟ್ರಾನ್ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಎರಡು ಪ್ರೋಟಾನ್, ಎರಡು ಎಲೆಕ್ಟ್ರಾನ್ ಸೇರಿದರೆ ಒಂದು ಹೈಡ್ರೋಜನ್ ಅಣು, ಅದು ಗುಳ್ಳೆಯಾಗಿ ಹೊರಟುಹೋಗುತ್ತದೆ. ನಮಗೆ ಬೇಕಾದ ಇಂಧನ ಅದರ ಪಾಲಿಗೆ ಹೊರಗೆ ಹಾಕಬೇಕಾದ ಕಸ.

ಈ ಕೆಲಸ ಮಾಡುವ ಕಿಣ್ವದ ಹೆಸರು ಹೈಡ್ರೋಜಿನೇಸ್. 1931ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಮಾರ್ಜರಿ ಸ್ಟೀಫನ್‌ಸನ್ ಮತ್ತು ಲಿಯೊನಾರ್ಡ್ ಸ್ಟಿಕ್‌ಲ್ಯಾಂಡ್ ಅದಕ್ಕೆ ಆ ಹೆಸರಿಟ್ಟರು. ಇದರಲ್ಲಿ ಕಬ್ಬಿಣವನ್ನಷ್ಟೇ ಬಳಸುವ ಒಂದು ಬಗೆಯ ಒಳರಚನೆ 1998ರಲ್ಲಿ ಬಯಲಾಯಿತು. ನಡುವೆ ಕಬ್ಬಿಣ ಮತ್ತು ಗಂಧಕದ ಸಣ್ಣ ಗುಂಪು, ಆ ಕಬ್ಬಿಣಕ್ಕೆ ಅಂಟಿಕೊಂಡಿರುವುದು ಕಾರ್ಬನ್ ಮೊನಾಕ್ಸೈಡ್ ಮತ್ತು ಸೈನೈಡ್! ನಮ್ಮನ್ನು ಕೊಲ್ಲುವ ಎರಡು ವಿಷಗಳನ್ನು ಜೀವ ತನ್ನ ಕೈಯಾರೆ ತಯಾರಿಸಿ, ಹದವಾಗಿ ಕಬ್ಬಿಣಕ್ಕೆ ಜೋಡಿಸಿ, ಸೆಕೆಂಡಿಗೆ ಸಾವಿರಾರು ಹೈಡ್ರೋಜನ್ ಅಣು ಮಾಡುವ ಯಂತ್ರ ಕಟ್ಟಿಕೊಂಡಿದೆ. ನಾವು ಅದೇ ಕೆಲಸಕ್ಕೆ ದುಬಾರಿ ಪ್ಲಾಟಿನಂ ಹುಡುಕಿಕೊಂಡು ಹೋಗುತ್ತೇವೆ. ಅದರ ಚಿತ್ರವನ್ನು ಎಷ್ಟು ಸಲ ನೋಡಿದ್ದೇನೋ, ಇನ್ನೂ ಸಾಕಾಗಿಲ್ಲ.

ಒಂದೇ ತೊಂದರೆ. ಈ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಟ್ಟುಹೋಗುತ್ತದೆ.

ಪಾಚಿಯ ಕತೆಯೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ. ಹಸಿರು ಪಾಚಿಯಲ್ಲೂ ಹೈಡ್ರೋಜಿನೇಸ್ ಇದೆ ಅಂತ ಹಾನ್ಸ್ ಗ್ಯಾಫ್ರನ್ 1939ರ ಹೊತ್ತಿಗೇ ಕಂಡುಕೊಂಡಿದ್ದರು. 1942ರಲ್ಲಿ ಅವರು ಮತ್ತು ಜ್ಯಾಕ್ ರೂಬಿನ್, ಗಾಳಿಯಿಲ್ಲದೆ ಕತ್ತಲಲ್ಲಿಟ್ಟ ಪಾಚಿಗೆ ಬೆಳಕು ಹಾಯಿಸಿದಾಗ ಹೈಡ್ರೋಜನ್ ಬರುವುದನ್ನು ತೋರಿಸಿದರು. ಬೆಳಕು, ನೀರು, ಪಾಚಿ, ಇಷ್ಟೇ ಸಾಕು ಅಂದರೆ ಯಾರಿಗೆ ಆಸೆಯಾಗುವುದಿಲ್ಲ ಹೇಳಿ. ಆದರೆ ಬೆಳಕು ಬಿದ್ದ ಪಾಚಿ ನೀರನ್ನು ಒಡೆದು ಆಮ್ಲಜನಕವನ್ನೂ ಬಿಡುತ್ತದಲ್ಲ. ಆ ಆಮ್ಲಜನಕವೇ ಕಿಣ್ವವನ್ನು ಕೆಡಿಸುತ್ತದೆ. ಸ್ವಲ್ಪ ಹೊತ್ತಿನಲ್ಲೇ ಎಲ್ಲ ನಿಂತುಹೋಗುತ್ತದೆ.

ಸುಮಾರು ಆರು ದಶಕ ಈ ಗಂಟು ಬಿಚ್ಚಲಾಗಲಿಲ್ಲ. 2000ದಲ್ಲಿ ಅಮೆರಿಕದ ಬರ್ಕ್ಲಿಯ ಅನಸ್ಟಾಸಿಯೋಸ್ ಮೆಲಿಸ್ ಮತ್ತು ಸಂಗಡಿಗರು ಒಂದು ಸರಳ ಉಪಾಯ ಪ್ರಕಟಿಸಿದರು. ಪಾಚಿಗೆ ಗಂಧಕ ಕೊಡುವುದನ್ನು ನಿಲ್ಲಿಸಿಬಿಡಿ. ನೀರನ್ನು ಒಡೆಯುವ ವ್ಯವಸ್ಥೆಯಲ್ಲಿ ಒಂದು ಪ್ರೋಟೀನ್ ಬಿಸಿಲಿಗೆ ಸದಾ ಸವೆಯುತ್ತಿರುತ್ತದೆ, ಪಾಚಿ ಅದನ್ನು ಆಗಾಗ ಹೊಸದಾಗಿ ಮಾಡಿಕೊಳ್ಳಬೇಕು, ಅದಕ್ಕೆ ಗಂಧಕ ಬೇಕು. ಗಂಧಕ ಇಲ್ಲದಿದ್ದರೆ ರಿಪೇರಿ ಇಲ್ಲ. ಆಮ್ಲಜನಕ ಬಿಡುವುದು ಕಮ್ಮಿಯಾಗುತ್ತದೆ. ಪಾಚಿಯ ಉಸಿರಾಟ ಮಾತ್ರ ನಡೆದೇ ಇರುತ್ತದೆ, ಮುಚ್ಚಿದ ಬಾಟಲಿಯೊಳಗೆ ಇದ್ದಬದ್ದ ಆಮ್ಲಜನಕವನ್ನೆಲ್ಲ ಅದೇ ಬಳಸಿ ಮುಗಿಸುತ್ತದೆ. ಆಮೇಲೆ ಹೈಡ್ರೋಜಿನೇಸ್ ಎದ್ದು ಕೂರುತ್ತದೆ, ಬೆಳಕಿನಲ್ಲೇ ಕೆಲವು ದಿನ ಹೈಡ್ರೋಜನ್ ಬರುತ್ತದೆ. ಪಾಚಿ ಸೊರಗಿದ ಮೇಲೆ ಮತ್ತೆ ಗಂಧಕ ಕೊಟ್ಟು ಚೇತರಿಸಿಕೊಳ್ಳಲು ಬಿಡಬೇಕು. ಈ ಉಪಾಯದ ಬಗ್ಗೆ ನನಗೆ ತುಂಬಾ ಗೌರವ ಇದೆ. ಒಂದು ಜೀನ್‌ನೂ ಮುಟ್ಟದೆ, ಊಟದ ತಟ್ಟೆಯಿಂದ ಒಂದೇ ಒಂದು ಪದಾರ್ಥ ತೆಗೆದು ಮಾಡಿದ ಕೆಲಸ ಅದು.

ಆದರೂ ಲೆಕ್ಕ ಹಾಕಿ ನೋಡಬೇಕು ಅಲ್ವಾ? ಒಳ್ಳೆಯ ಬಿಸಿಲಿರುವ ಜಾಗದಲ್ಲಿ ಒಂದು ಚದರ ಮೀಟರ್ ಮೇಲೆ ದಿನಕ್ಕೆ 5 ಯೂನಿಟ್‌ನಷ್ಟು ಬಿಸಿಲಿನ ಶಕ್ತಿ ಬೀಳುತ್ತದೆ ಅಂದುಕೊಳ್ಳಿ, ಅಂದರೆ 18 ಮೆಗಾಜೂಲ್. ಅದರಲ್ಲಿ ನೂರಕ್ಕೆ ಒಂದು ಪಾಲು ಹೈಡ್ರೋಜನ್ ಆದರೆ ಸಿಗುವುದು ದಿನಕ್ಕೆ ಒಂದೂವರೆ ಗ್ರಾಂ. ದಿನಕ್ಕೆ ಒಂದು ಕಿಲೋ ಬೇಕೆಂದರೆ ಸುಮಾರು 670 ಚದರ ಮೀಟರ್ ಜಾಗ, ಅಷ್ಟನ್ನೂ ಬೆಳಕು ಒಳಗೆ ಬರುವ ಹಾಗೆ, ಹೈಡ್ರೋಜನ್ ಹೊರಗೆ ಹೋಗದ ಹಾಗೆ ಮುಚ್ಚಬೇಕು. ಹೈಡ್ರೋಜನ್ ಎಷ್ಟು ಸಣ್ಣ ಅಣು ಅಂದರೆ ಎಷ್ಟೋ ಪ್ಲಾಸ್ಟಿಕ್‌ಗಳ ಮೂಲಕವೇ ನುಸುಳಿ ಹೋಗುತ್ತದೆ. ಗಂಧಕದ ಉಪಾಯದಲ್ಲಂತೂ ಆ ನೂರಕ್ಕೆ ಒಂದು ಪಾಲೂ ದಕ್ಕುವುದಿಲ್ಲ. ಹಾಗಾಗಿ ಪಾಚಿಯ ದಾರಿ ಇನ್ನೂ ಬಹಳ ದೂರ ಇದೆ ಅನ್ನುವುದು ನನ್ನ ಅಭಿಪ್ರಾಯ. ಸಂಶೋಧನೆ ನಿಲ್ಲಿಸಬೇಕು ಅಂತ ಅಲ್ಲ. ಅದರಿಂದ ಕಲಿಯುವುದು ಬೇಕಾದಷ್ಟಿದೆ.

ಪಾಚಿ ಬಿಟ್ಟು ನೀಲಿ-ಹಸಿರು ಬ್ಯಾಕ್ಟೀರಿಯಾದ ಕಡೆ ಬಂದರೆ ಅನಬೀನಾ ಸಿಗುತ್ತದೆ. ಅದು ಮಣಿಸರದ ಹಾಗೆ ಕೋಶಗಳನ್ನು ಪೋಣಿಸಿಕೊಂಡು ಬೆಳೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹತ್ತಾರು ಮಣಿಗಳ ನಡುವೆ ಒಂದೊಂದು ಮಾತ್ರ ಸ್ವಲ್ಪ ದಪ್ಪ, ಗೋಡೆ ಗಟ್ಟಿ, ಬಣ್ಣ ತೆಳು. ಅದು ಆಮ್ಲಜನಕ ಒಳಗೆ ಬರದ ಹಾಗೆ ಕಟ್ಟಿಕೊಂಡ ಕೋಣೆ. ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡುವ ನೈಟ್ರೋಜಿನೇಸ್ ಕಿಣ್ವ ಅಲ್ಲಿದೆ, ಅದು ಕೆಲಸ ಮಾಡುವಾಗ ಜೊತೆಜೊತೆಗೇ ಹೈಡ್ರೋಜನ್ ಕೂಡ ಬರುತ್ತದೆ. ಸಾರಜನಕ ಸಿಗದಿದ್ದರೆ ಎಲ್ಲ ಎಲೆಕ್ಟ್ರಾನ್ ಹೈಡ್ರೋಜನ್ ಕಡೆಗೇ ಹೋಗುತ್ತದೆ. 1974ರಲ್ಲಿ ಬೆನೆಮನ್ ಮತ್ತು ವೇರ್ ಇದೇ ಅನಬೀನಾದಿಂದ ಹೈಡ್ರೋಜನ್ ಮತ್ತು ಆಮ್ಲಜನಕ ಎರಡನ್ನೂ ಒಟ್ಟಿಗೇ ಪಡೆದು ತೋರಿಸಿದರು. ಬೇರೆ ಬೇರೆ ಕೋಣೆ ಇರುವುದರಿಂದ ಅದು ಸಾಧ್ಯ. ಆದರೆ ಇದು ದುಬಾರಿ ಕಿಣ್ವ. ಒಂದೊಂದು ಹೈಡ್ರೋಜನ್ ಅಣುವಿಗೂ ನಾಲ್ಕು ಎಟಿಪಿ, ಅಂದರೆ ಜೀವಕೋಶ ಶಕ್ತಿಗಾಗಿ ಬಳಸುವ ಅಣು, ಖರ್ಚು. ಇಷ್ಟೆಲ್ಲ ಖರ್ಚು ಮಾಡಿ ಹೊರಗೆ ಬಿಟ್ಟ ಹೈಡ್ರೋಜನ್ ವ್ಯರ್ಥವಾಗಬಾರದು ಅಂತ ಅನಬೀನಾ ಇನ್ನೊಂದು ಹೈಡ್ರೋಜಿನೇಸ್ ಇಟ್ಟುಕೊಂಡಿದೆ. ಅದರ ಕೆಲಸ ಹೈಡ್ರೋಜನ್ ಹಿಡಿದು ವಾಪಸ್ ಒಳಗೆ ಎಳೆದುಕೊಳ್ಳುವುದು. ಸಂಶೋಧಕರು ಆ ಜೀನನ್ನು ಕೆಡಿಸಿದರೆ ಹೊರಗೆ ಬರುವ ಹೈಡ್ರೋಜನ್ ಜಾಸ್ತಿಯಾಗುತ್ತದೆ.

ಹೈಡ್ರೋಜನ್ ಎಲ್ಲಿ ಹುಟ್ಟುತ್ತದೋ ಅಲ್ಲೇ ಅದನ್ನು ತಿನ್ನುವವರೂ ಇರುತ್ತಾರೆ ಅಂತ ಪುಸ್ತಕದಲ್ಲಿ ನಾನೂ ಓದಿದ್ದೆ. ಅದು ತಲೆಗೆ ಇಳಿದದ್ದು ಮಾತ್ರ ನನ್ನದೇ ಪಾತ್ರೆಯಲ್ಲಿ.

ಸಿರಿಂಜಿನ ಖುಷಿಯ ನಂತರ ಎರಡು ಲೀಟರಿನ ಪಾತ್ರೆ ಕಟ್ಟಿದೆ. ಒಂದು ಕಡೆಯಿಂದ ಸಕ್ಕರೆ ನೀರು ಹನಿಹನಿಯಾಗಿ ಒಳಗೆ, ಇನ್ನೊಂದು ಕಡೆಯಿಂದ ಅಷ್ಟೇ ನೀರು ಹೊರಗೆ, ಗ್ಯಾಸ್ ಹೋಗಿ ತಲೆಕೆಳಗಾಗಿ ನೀರಲ್ಲಿ ನಿಲ್ಲಿಸಿದ ಅಳತೆ ಜಾಡಿಗೆ ಸೇರಬೇಕು. ಮೊದಲ ವಾರ ಎಲ್ಲ ಚೆನ್ನಾಗಿತ್ತು. ಒಂಬತ್ತನೇ ದಿನ ಗ್ಯಾಸ್ ಕಮ್ಮಿಯಾಯಿತು. ಹನ್ನೆರಡನೇ ದಿನಕ್ಕೆ ಅರ್ಧಕ್ಕಿಂತ ಕೆಳಗೆ. ಎಲ್ಲೋ ಸೋರುತ್ತಿದೆ ಅಂದುಕೊಂಡೆ. ಕೊಳವೆ ಬದಲಿಸಿದೆ, ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ಅಂತ ಕಾದು ನೋಡಿದೆ. ಎಲ್ಲೂ ಸೋರುತ್ತಿರಲಿಲ್ಲ. ಕೊನೆಗೆ ಗ್ಯಾಸ್ ಪರೀಕ್ಷೆಯ ಕಾಗದವನ್ನು ಪೂರ್ತಿ ಬಿಚ್ಚಿ ನೋಡಿದೆ. ಹೈಡ್ರೋಜನ್‌ನ ಗೆರೆ ಕುಗ್ಗಿತ್ತು, ಮೊದಲು ಏನೂ ಇಲ್ಲದ ಜಾಗದಲ್ಲಿ ಹೊಸದೊಂದು ಗೆರೆ ಎದ್ದಿತ್ತು. ಮೀಥೇನ್.

ರಾಡಿಯಲ್ಲಿ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳೂ ಬಂದಿದ್ದವು. ನಾಲ್ಕು ಹೈಡ್ರೋಜನ್ ಅಣು, ಒಂದು ಇಂಗಾಲದ ಡೈಆಕ್ಸೈಡ್ ಅಣು ತಿಂದು ಅವು ಒಂದೇ ಒಂದು ಮೀಥೇನ್ ಅಣು ಹೊರಗೆ ಬಿಡುತ್ತವೆ. ಐದು ಪಾಲು ಗ್ಯಾಸ್ ಒಂದು ಪಾಲಾಗುತ್ತದೆ. ಜಾಡಿ ತುಂಬದೇ ಇದ್ದದ್ದಕ್ಕೆ ಕಾರಣ ಅದು. ಬಯೋಗ್ಯಾಸ್ ತೊಟ್ಟಿಯಲ್ಲೂ ಹಸುವಿನ ಹೊಟ್ಟೆಯಲ್ಲೂ ನಡೆಯುವುದು ಇದೇ. ಅಲ್ಲೆಲ್ಲ ಹೈಡ್ರೋಜನ್ ಧಾರಾಳವಾಗಿ ಹುಟ್ಟುತ್ತದೆ, ಆದರೆ ಹುಟ್ಟಿದ ಕ್ಷಣವೇ ಪಕ್ಕದವರ ಬಾಯಿಗೆ ಹೋಗುತ್ತದೆ. ನಮಗೆ ಕಾಣುವುದು ಮೀಥೇನ್ ಮಾತ್ರ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಲೇಬೇಕು. ಮೆಥನೋಬ್ಯಾಸಿಲಸ್ ಒಮೆಲಿಯಾನ್‌ಸ್ಕಿಯೈ ಅಂತ ಒಂದು ಜೀವಿ, ಆಲ್ಕೋಹಾಲಿನಿಂದ ಮೀಥೇನ್ ಮಾಡುತ್ತದೆ ಅಂತ ಎಷ್ಟೋ ವರ್ಷ ನಂಬಿದ್ದರು. 1967ರಲ್ಲಿ ಬ್ರಯಾಂಟ್ ಮತ್ತು ಸಂಗಡಿಗರು ನೋಡಿದರೆ ಅದು ಒಂದಲ್ಲ, ಎರಡು ಜೀವಿ! ಒಂದು ಆಲ್ಕೋಹಾಲ್ ತಿಂದು ಹೈಡ್ರೋಜನ್ ಬಿಡುತ್ತಿತ್ತು, ಇನ್ನೊಂದು ಆ ಹೈಡ್ರೋಜನ್ ತಿಂದು ಮೀಥೇನ್ ಬಿಡುತ್ತಿತ್ತು. ಬೇರೆ ಮಾಡಿದರೆ ಮೊದಲನೆಯದು ಸರಿಯಾಗಿ ಬೆಳೆಯಲೇ ಇಲ್ಲ, ಯಾಕೆಂದರೆ ತಾನು ಬಿಟ್ಟ ಹೈಡ್ರೋಜನ್ ಸುತ್ತ ಜಾಸ್ತಿಯಾದರೆ ಇನ್ನಷ್ಟು ಬಿಡುವುದು ಕಷ್ಟ, ಅದನ್ನು ಯಾರಾದರೂ ಖಾಲಿ ಮಾಡುತ್ತಿರಲೇಬೇಕು. ತಿನ್ನುವವರನ್ನು ಕಳ್ಳರು ಅಂತ ನೋಡುತ್ತಿದ್ದ ನನಗೆ ಇದನ್ನು ಓದಿದ ಮೇಲೆ ವಿಷಯ ಬೇರೆಯದೇ ಆಗಿ ಕಂಡಿತು. ಅವರು ಮಾಡುತ್ತಿರುವ ಕೆಲಸವನ್ನು ಈಗ ನಾವು ಮಾಡಬೇಕು, ಅವರಿಗಿಂತ ಬೇಗ ಮಾಡಬೇಕು.

ಮೀಥೇನ್‌ನವರನ್ನು ಹೊರಗಿಡಲು ಎಲ್ಲರೂ ಮಾಡುವ ಉಪಾಯ ರಾಡಿಯನ್ನು ಕುದಿಸುವುದು. ನೂರು ಡಿಗ್ರಿಯ ಹತ್ತಿರ ಅರ್ಧ ಗಂಟೆ. ಮೀಥೇನ್ ಮಾಡುವವು ಸಾಯುತ್ತವೆ. ಕ್ಲಾಸ್ಟ್ರಿಡಿಯಂಗಳು ಗಟ್ಟಿ ಚಿಪ್ಪಿನ ಬೀಜಕವಾಗಿ ಉಳಿದುಕೊಂಡು ತಣಿದ ಮೇಲೆ ಮೊಳೆಯುತ್ತವೆ. ಮೊದಲಿನ ಬಾಟಲಿಗೆ ಹಾಗೆ ಕುದಿಸಿಯೇ ಹಾಕಿದ್ದೆ, ಪಾತ್ರೆಗೆ ಹಾಕಿದ ರಾಡಿಯನ್ನು ಸರಿಯಾಗಿ ಕುದಿಸಿರಲಿಲ್ಲ. ಸರಿ, ಎಲ್ಲ ಚೆಲ್ಲಿ ತೊಳೆದು ಮತ್ತೆ ಶುರು ಮಾಡಿದೆ. ನೀರಿನ ಹುಳಿ ಅಳೆಯುವ ಪಿಎಚ್ ಅನ್ನು 5.5ರ ಹತ್ತಿರ ಹಿಡಿದೆ, ಹುಳಿ ಜಾಸ್ತಿಯಾದರೆ ಮೀಥೇನ್‌ನವರಿಗೆ ಆಗಿಬರುವುದಿಲ್ಲ.

ಮೂರು ವಾರ ಚೆನ್ನಾಗಿ ನಡೆದು ಮತ್ತೆ ಹೈಡ್ರೋಜನ್ ಇಳಿಯಿತು. ಈ ಸಲ ಮೀಥೇನ್ ಒಂದು ಚೂರೂ ಇಲ್ಲ! ಸಕ್ಕರೆ ಪೂರ್ತಿ ಖಾಲಿಯಾಗುತ್ತಿದೆ, ಸೋರಿಕೆ ಇಲ್ಲ, ಹೈಡ್ರೋಜನ್ ಮಾತ್ರ ಇಲ್ಲ. ಉತ್ತರ ಸಿಕ್ಕಿದ್ದು ಗ್ಯಾಸಿನಲ್ಲಲ್ಲ, ನೀರಿನಲ್ಲಿ. ಅಸಿಟಿಕ್ ಆಮ್ಲ ಲೆಕ್ಕಕ್ಕಿಂತ ಜಾಸ್ತಿ ಇತ್ತು. ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿಸಿ ಅಸಿಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾಗಳಿವೆ, ಅವುಗಳಲ್ಲಿ ಹಲವು ಕ್ಲಾಸ್ಟ್ರಿಡಿಯಂನ ಹತ್ತಿರದ ನೆಂಟರು. ಅವೂ ಬೀಜಕ ಕಟ್ಟುತ್ತವೆ. ಕುದಿಸಿದರೆ ಅವೂ ಉಳಿಯುತ್ತವೆ. ಯಾವ ಗುಣ ನೋಡಿ ನಮಗೆ ಬೇಕಾದವರನ್ನು ಒಳಗೆ ಬಿಟ್ಟೆವೋ ಅದೇ ಗುಣ ಇವರಿಗೂ ಇದೆ. ಇವರನ್ನು ಬಾಗಿಲಲ್ಲಿ ತಡೆಯುವುದು ಸಾಧ್ಯವಿಲ್ಲ. ಹೈಡ್ರೋಜನ್ ನೀರಿನಲ್ಲಿ ನಿಲ್ಲದ ಹಾಗೆ ಬೇಗಬೇಗ ಹೊರಗೆ ಎಳೆಯಬೇಕು, ನಿಧಾನಕ್ಕೆ ಬೆಳೆಯುವ ಇವು ಕೊಚ್ಚಿಹೋಗುವ ಹಾಗೆ ನೀರನ್ನು ಬೇಗ ಹಾಯಿಸಬೇಕು.

ಇನ್ನೊಂದು ಮಿತಿ ಇದೆ, ಅದನ್ನು ಎಷ್ಟು ಚೆನ್ನಾಗಿ ಪಾತ್ರೆ ಕಟ್ಟಿದರೂ ದಾಟಲಾಗುವುದಿಲ್ಲ. ಒಂದು ಗ್ಲೂಕೋಸ್ ಅಣುವಿನಲ್ಲಿ ಲೆಕ್ಕದ ಪ್ರಕಾರ 12 ಹೈಡ್ರೋಜನ್ ಅಣುಗಳಿಗೆ ಆಗುವಷ್ಟು ಸರಕಿದೆ. ಕತ್ತಲಲ್ಲಿ ಹುದುಗಿಸಿದರೆ ಬರುವುದು ಹೆಚ್ಚೆಂದರೆ 4, ಅದೂ ಎಲ್ಲವೂ ಅಸಿಟಿಕ್ ಆಮ್ಲದ ದಾರಿಯಲ್ಲಿ ಹೋದರೆ ಮಾತ್ರ. ಬ್ಯುಟಿರಿಕ್ ಆಮ್ಲದ ದಾರಿ ಹಿಡಿದರೆ 2. ನನ್ನ ಪಾತ್ರೆಯಲ್ಲಿ 2ರ ಆಸುಪಾಸು. (ಬ್ಯುಟಿರಿಕ್ ಆಮ್ಲ ಜಾಸ್ತಿಯಾದ ದಿನ ಕೋಣೆಯ ಬಾಗಿಲಲ್ಲೇ ವಾಸನೆಯಿಂದ ಗೊತ್ತಾಗುತ್ತದೆ, ಆ ವಾಸನೆ ಬಟ್ಟೆ ಬಿಟ್ಟು ಹೋಗುವುದಿಲ್ಲ.) 70 ಡಿಗ್ರಿ ಬಿಸಿಯಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳು 4ರ ಹತ್ತಿರ ಹೋಗುತ್ತವೆ. ಅಲ್ಲಿಗೂ ಮೂರರಲ್ಲಿ ಎರಡು ಪಾಲು ಹುಳಿ ನೀರಿನಲ್ಲೇ ಉಳಿದುಹೋಯಿತು.

ಆ ಹುಳಿ ನೀರನ್ನು ಏನು ಮಾಡುವುದು ಅನ್ನುವುದರ ಮೇಲೆ ಈ ಇಡೀ ವಿಷಯದ ಭವಿಷ್ಯ ನಿಂತಿದೆ ಅಂತ ನನಗೆ ಅನ್ನಿಸುತ್ತದೆ. ಒಂದು ದಾರಿ ಕೆನ್ನೀಲಿ ಬ್ಯಾಕ್ಟೀರಿಯಾ. ಇವು ಬೆಳಕು ಬಳಸುತ್ತವೆ ಆದರೆ ಆಮ್ಲಜನಕ ಬಿಡುವುದಿಲ್ಲ, ಆಮ್ಲಗಳನ್ನು ತಿಂದು ನೈಟ್ರೋಜಿನೇಸ್ ಮೂಲಕ ಹೈಡ್ರೋಜನ್ ಬಿಡುತ್ತವೆ. 1949ರಲ್ಲೇ ಗೆಸ್ಟ್ ಮತ್ತು ಕೇಮನ್ ಇದನ್ನು ಕಂಡಿದ್ದರು. ಕಾಗದದ ಮೇಲೆ ನೋಡಿದರೆ ಕತ್ತಲಿನ 4, ಬೆಳಕಿನ 8, ಪೂರ್ತಿ 12 ಆಯಿತು. ಆದರೆ ನೀರಿನಲ್ಲಿ ಸ್ವಲ್ಪ ಅಮೋನಿಯಾ ಜಾಸ್ತಿ ಇದ್ದರೂ ಇವು ನೈಟ್ರೋಜಿನೇಸ್ ನಿಲ್ಲಿಸಿಬಿಡುತ್ತವೆ, ಕೊಳಚೆ ನೀರಿನಲ್ಲಿ ಅಮೋನಿಯಾ ಇಲ್ಲದೆ ಇರುತ್ತದಾ?

ಇನ್ನೊಂದು ದಾರಿ ನನಗೆ ಹೆಚ್ಚು ಆಸೆ ಹುಟ್ಟಿಸುವುದು. ಜಿಯೋಬ್ಯಾಕ್ಟರ್‌ನಂತಹ ಬ್ಯಾಕ್ಟೀರಿಯಾಗಳು ಅಸಿಟಿಕ್ ಆಮ್ಲ ತಿಂದು ಎಲೆಕ್ಟ್ರಾನ್‌ಗಳನ್ನು ನೇರವಾಗಿ ಇಂಗಾಲದ ಎಲೆಕ್ಟ್ರೋಡ್‌ಗೆ ದಾಟಿಸುತ್ತವೆ. ಹೊರಗಿನಿಂದ ಒಂದಿಷ್ಟು ವೋಲ್ಟೇಜ್ ಕೊಟ್ಟರೆ ಇನ್ನೊಂದು ತುದಿಯಲ್ಲಿ ಹೈಡ್ರೋಜನ್ ಗುಳ್ಳೆ ಏಳುತ್ತದೆ. 2005ರಲ್ಲಿ ಅಮೆರಿಕದ ಪೆನ್ ಸ್ಟೇಟ್‌ನ ಬ್ರೂಸ್ ಲೋಗನ್ ಅವರ ತಂಡ ಮತ್ತು ನೆದರ್ಲೆಂಡ್ಸ್‌ನ ಒಂದು ತಂಡ ಬೇರೆ ಬೇರೆಯಾಗಿ ಇದನ್ನು ಮಾಡಿದವು. ನೀರನ್ನು ನೇರವಾಗಿ ಒಡೆಯಲು ಲೆಕ್ಕದ ಪ್ರಕಾರ ಕನಿಷ್ಠ 1.23 ವೋಲ್ಟ್ ಬೇಕು. ಇಲ್ಲಿ 0.14 ಸಾಕು. ನಿಜವಾಗಿ ನಡೆಸುವಾಗ ಅರ್ಧ ವೋಲ್ಟ್‌ಗಿಂತ ಜಾಸ್ತಿ ಬೇಕಾಗುತ್ತದೆ, ಆದರೂ ಉಳಿದ ಕೆಲಸವನ್ನೆಲ್ಲ ಬ್ಯಾಕ್ಟೀರಿಯಾ ಮಾಡಿಕೊಡುತ್ತದೆ, ಕೊಳಚೆಯೂ ತಿಳಿಯಾಗುತ್ತದೆ. ಇಲ್ಲೂ ಎರಡು ಎಲೆಕ್ಟ್ರೋಡ್ ಒಂದೇ ಕೋಣೆಯಲ್ಲಿಟ್ಟರೆ ಮೀಥೇನ್‌ನವರು ಬಂದು ಕೂರುತ್ತಾರೆ. ನಡುವೆ ಪೊರೆ ಹಾಕಿದರೆ ಖರ್ಚು ಏರುತ್ತದೆ.

ಇವತ್ತೇ ಮಾಡಬಹುದಾದ್ದು ಯಾವುದು ಅಂತ ಕೇಳಿದರೆ ನಾನು ಹೇಳುವುದು ಎರಡು ಪಾತ್ರೆ. ಮೊದಲನೆಯದರಲ್ಲಿ ಕೆಲವೇ ಗಂಟೆ ಹುದುಗಿಸಿ ಹೈಡ್ರೋಜನ್ ತೆಗೆದುಕೊಳ್ಳಿ. ಹುಳಿ ನೀರನ್ನು ಎರಡನೆಯದಕ್ಕೆ ಬಿಟ್ಟು ಮೀಥೇನ್‌ನವರಿಗೇ ಕೊಡಿ, ಅಲ್ಲಿ ಅವರು ತಮ್ಮ ಕೆಲಸ ಚೆನ್ನಾಗಿ ಮಾಡುತ್ತಾರೆ. ಸಕ್ಕರೆ ಬೇಕಿಲ್ಲ, ಪಿಷ್ಟ ಇರುವ ಕೊಳಚೆ ನೀರು ಸಾಕು. ಸಕ್ಕರೆಯನ್ನು ಇದಕ್ಕೆ ಬಳಸಬೇಕು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ, ತಿನ್ನುವ ವಸ್ತುವಿನ ಮೂರನೇ ಒಂದು ಪಾಲನ್ನೂ ಇಂಧನ ಮಾಡಲಾಗದ ದಾರಿಗೆ ಅದನ್ನು ಸುರಿಯುವುದು ತಪ್ಪು.

ಓದಿ ಯಾರಿಗಾದರೂ ಮನೆಯಲ್ಲಿ ಮಾಡಿ ನೋಡುವ ಆಸೆಯಾದರೆ, ದಯವಿಟ್ಟು ಬೇಡ. ಗಾಳಿಯಲ್ಲಿ ನೂರಕ್ಕೆ 4ರಿಂದ 75 ಪಾಲಿನವರೆಗೆ ಹೈಡ್ರೋಜನ್ ಎಷ್ಟಿದ್ದರೂ ಹೊತ್ತಿಕೊಳ್ಳುತ್ತದೆ, ಹಗಲಲ್ಲಿ ಅದರ ಉರಿ ಕಣ್ಣಿಗೇ ಕಾಣುವುದಿಲ್ಲ. ಬಿಗಿಯಾಗಿ ಮುಚ್ಚಿದ ಗಾಜಿನ ಬಾಟಲಿ ಒತ್ತಡಕ್ಕೆ ಸಿಡಿಯಲೂಬಹುದು.

ನನ್ನ ಪಾತ್ರೆಯಲ್ಲಿ ಈಗ ನೀರು ನಿಲ್ಲುವ ಸಮಯವನ್ನು ಹನ್ನೆರಡು ಗಂಟೆಯಿಂದ ಆರಕ್ಕೆ ಇಳಿಸಿದ್ದೇನೆ. ತಳದಿಂದ ಸಾರಜನಕದ ಸಣ್ಣ ಗುಳ್ಳೆಗಳನ್ನು ಬಿಡುತ್ತಿದ್ದೇನೆ, ಅವು ಹೈಡ್ರೋಜನ್ನನ್ನು ಜೊತೆಗೆ ಎಳೆದುಕೊಂಡು ಮೇಲೆ ಬರುತ್ತವೆ. ಬೆಳಗ್ಗೆ ಬಂದ ಕೂಡಲೇ ಮೊದಲು ನೋಡುವುದು ಜಾಡಿಯನ್ನಲ್ಲ, ಅಸಿಟಿಕ್ ಆಮ್ಲದ ಅಂಕಿಯನ್ನು. ಹನ್ನೊಂದು ದಿನ ಆಯಿತು. ಅಂಕಿ ಇನ್ನೂ ಲೆಕ್ಕದೊಳಗೇ ಇದೆ.